ಮೂರೂವರೆಗೆ ತಾನೇ ಏಳುತ್ತಿದ್ದ ಕಂಪ್ಯೂಟರ್

ಅಕ್ಕ ತೀರಿಕೊಂಡು ಐದು ತಿಂಗಳಾದ ಮೇಲೆ ಒಂದು ಮಂಗಳವಾರ ಅವಳ ಕಂಪ್ಯೂಟರನ್ನು ನಮ್ಮ ಮಂಚದ ಕೆಳಗಿನಿಂದ ಹೊರಗೆ ಎಳೆದೆ. ಹಲಸೂರಿನ ಅವಳ ಬಾಡಿಗೆ ಮನೆ ಖಾಲಿ ಮಾಡಿದಾಗ ಸೀರೆ, ಪಾತ್ರೆ, ಹೊಲಿಗೆ ಯಂತ್ರ ಎಲ್ಲಕ್ಕೂ ಯಾರಾದರೊಬ್ಬರು ಸಿಕ್ಕಿದ್ದರು. ಕಂಪ್ಯೂಟರನ್ನು ಮಾತ್ರ ಯಾರೂ ಕೇಳಲಿಲ್ಲ. ಹಳೆಯದು, ಭಾರ. ಕೆ.ಆರ್. ಪುರದ ನಮ್ಮ ಮನೆಗೆ ತಂದು, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಇಟ್ಟಿದ್ದೆ.

ಈಗ ಅದು ಬೇಕಾದದ್ದು ಫೋಟೋಗಳಿಗಾಗಿ. ಅಪ್ಪ ಅಮ್ಮನ ಹಳೆಯ ಫೋಟೋಗಳನ್ನೆಲ್ಲ ಅಕ್ಕ ಸ್ಕ್ಯಾನ್ ಮಾಡಿ ಅದರಲ್ಲಿಟ್ಟಿದ್ದಳು. ಆಲ್ಬಂ ಗೆದ್ದಲು ಹತ್ತಿ ಹೋಗಿ ವರ್ಷಗಳಾಗಿದ್ದವು. ಮೂವತ್ತು ವರ್ಷ ಟೈಪಿಂಗ್ ಮಾಡಿಯೇ ಬದುಕಿದವಳು ಅವಳು. ಮೊದಲು ಟೈಪ್‌ರೈಟರಿನಲ್ಲಿ ಕೋರ್ಟಿನ ಅರ್ಜಿಗಳು, ಆಮೇಲೆ ಕಂಪ್ಯೂಟರಿನಲ್ಲಿ ಶಿವಾಜಿನಗರದ ಪ್ರೆಸ್‌ಗಳಿಗೆ ಮದುವೆ ಕಾಗದ, ಕರಪತ್ರ. ಮದುವೆಯಾಗಲಿಲ್ಲ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ.

ಮನೆ ಖಾಲಿ ಮಾಡಿದ ದಿನ ಕೆಳಗಿನ ಮನೆಯ ಓನರಮ್ಮ ಹೇಳಿದ ಒಂದು ಮಾತು ನನಗೆ ಹಿಡಿಸಿರಲಿಲ್ಲ. ಆಕೆ ತಮಿಳಿನವರು, ಎಪ್ಪತ್ತು ದಾಟಿದವರು, ಅಕ್ಕನಿಗೆ ಇಪ್ಪತ್ತು ವರ್ಷದ ಪರಿಚಯ. ಮೆಟ್ಟಿಲ ಬಳಿ ನನ್ನ ಕೈ ಹಿಡಿದು ನಿಲ್ಲಿಸಿ ದನಿ ತಗ್ಗಿಸಿದರು.

"ಕೋಪ ಮಾಡ್ಕೋಬೇಡಮ್ಮಾ. ನಿಮ್ ಅಕ್ಕನ ಮನೇಲಿ ದಿನಾ ಮಧ್ಯಾಹ್ನ ಯಾರೋ ಮಾತಾಡ್ತಿದ್ರು. ಮೆಟ್ಲು ಹತ್ತಿ ಹೋಗೋವ್ರನ್ನ ಮಾತ್ರ ನಾನ್ ಒಂದಿನಾನೂ ನೋಡ್ಲಿಲ್ಲ."

"ಫೋನಿನಲ್ಲಿ ಮಾತಾಡ್ತಿದ್ರೇನೋ ಆಂಟಿ."

"ಫೋನಲ್ಲಮ್ಮಾ. ಕೇಳೋ ದನಿ ಒಂದು, ಉತ್ತರ ಹೇಳೋ ದನಿ ಒಂದು. ಎರಡೂ ಅವರದೇ ಥರ ಇತ್ತು. ಅವರು ಹೋದ ದಿನಾನೂ ಕೇಳಿಸ್ತು. ನೀವೆಲ್ಲಾ ಕಾರ್ಯ ಮುಗಿಸಿ ಬೀಗ ಹಾಕ್ಕೊಂಡು ಹೋದ್ರಲ್ಲಾ, ಆಮೇಲೂ ಎರಡು ದಿನ ಕೇಳಿಸ್ತು. ನೀನು ಬಂದು ಮೇನ್ ಆಫ್ ಮಾಡಿದ್ ಮೇಲೆ ನಿಂತೋಯ್ತು."

ಮುಪ್ಪಿನ ಕಿವಿ, ಒಂಟಿತನ, ಪಕ್ಕದ ಮನೆಯ ಟೀವಿ ಇರಬೇಕು ಎಂದುಕೊಂಡೆ. ಆಕೆಯ ಕೈ ಬಿಡಿಸಿಕೊಂಡು ಟೆಂಪೋ ಹತ್ತಿದೆ.

ಮಂಗಳವಾರ ನಾನೂ ನನ್ನ ಗಂಡನೂ ಕಂಪ್ಯೂಟರನ್ನು ಒಳಕೋಣೆಯ ಮೇಜಿನ ಮೇಲಿಟ್ಟು ಒರೆಸಿದೆವು. ಅವರು ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಮನೆಯಲ್ಲಿ ಏನು ಕೆಟ್ಟರೂ ಮೊದಲು ಅವರ ಸ್ಕ್ರೂಡ್ರೈವರ್ ಹೊರಬರಬೇಕು. ಮಾನಿಟರ್, ಕೀಬೋರ್ಡ್, ಮೌಸ್ ಎಲ್ಲ ಜೋಡಿಸಿದೆವು. ಸ್ಪೀಕರ್‌ಗಳು ಬೇರೆ ಡಬ್ಬದಲ್ಲಿ ಅಟ್ಟದ ಮೇಲಿದ್ದವು. ಫೋಟೋ ನೋಡಲು ಅವೇಕೆ ಎಂದು ಬಿಟ್ಟೆವು.

ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಅವರು ಒತ್ತಿದರು, ಒತ್ತಿ ಹಿಡಿದುಕೊಂಡರು. ಫ್ಯಾನ್ ತಿರುಗಲಿಲ್ಲ, ದೀಪ ಹತ್ತಲಿಲ್ಲ. ಪ್ಲಗ್ ಬದಲಿಸಿದೆವು. ಮಿಕ್ಸಿ ತಂದು ಅದೇ ಸಾಕೆಟ್ಟಿಗೆ ಚುಚ್ಚಿ ನೋಡಿದೆವು, ಮಿಕ್ಸಿ ಓಡಿತು. ವೈರು ಬೇರೆ ಹಾಕಿದೆವು. ಅವರು ಪಕ್ಕದ ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟರು. ಒಳಗೆ ಧೂಳಿನ ನಡುವೆ ಅಕ್ಕಿ ಕಾಳಿನಷ್ಟು ಹಸಿರು ದೀಪವೊಂದು ಉರಿಯುತ್ತಿತ್ತು.

"ಕರೆಂಟ್ ಒಳಗೆ ಹೋಗ್ತಾ ಇದೆ. ಅಂದ್ಮೇಲೆ ಏಳೋದಕ್ಕೇನು ರೋಗ ಇದಕ್ಕೆ?" ಎಂದು ಗೊಣಗಿದರು. ಒಂದೂವರೆ ಗಂಟೆ ಹೆಣಗಿದ ಮೇಲೆ ಮುಚ್ಚಳ ಮುಚ್ಚಿ ಕೈ ತೊಳೆದುಕೊಂಡರು. ಗೋಡೆಯ ಸ್ವಿಚ್ ಆರಿಸಲು ಇಬ್ಬರಿಗೂ ನೆನಪಾಗಲಿಲ್ಲ.

ಮರುದಿನ ಅವರು ಬ್ಯಾಂಕಿಗೆ ಹೋಗಿದ್ದರು. ನಾನು ಹಾಲ್‌ನಲ್ಲಿ ದಿವಾನದ ಮೇಲೆ ಅಡ್ಡಾಗಿದ್ದೆ. ಅರೆನಿದ್ದೆ. ಒಳಕೋಣೆಯಿಂದ ಯಾರೋ ಉಸಿರು ಬಿಟ್ಟ ಹಾಗೆ ಸದ್ದಾಯಿತು, ಆಮೇಲೆ ಅದು ನಿಲ್ಲದೆ ಗುಂಯ್ ಎನ್ನತೊಡಗಿತು. ಕಿಟಕಿಯಿಂದ ಬೆಕ್ಕು ಬಂದಿರಬೇಕೆಂದು ಎದ್ದು ಹೋದೆ. ಬಾಗಿಲಲ್ಲೇ ನಿಂತುಬಿಟ್ಟೆ. ಕಂಪ್ಯೂಟರ್ ಓಡುತ್ತಿತ್ತು. ಮಾನಿಟರಿನ ನೀಲಿ ಬೆಳಕು ಎದುರಿನ ಕುರ್ಚಿಯ ಮೇಲೆ ಬಿದ್ದಿತ್ತು. ಕುರ್ಚಿ ಖಾಲಿ ಇತ್ತು.

ಪಾಸ್‌ವರ್ಡ್ ಕೇಳಲಿಲ್ಲ. ಪರದೆ ತಾನಾಗಿ ತೆರೆಯಿತು. ಯಾರೂ ಮೌಸ್ ಮುಟ್ಟದೆ ಹಾಡು ಹಾಕುವ ಪ್ಲೇಯರ್ ಒಂದು ತೆರೆದುಕೊಂಡಿತು. ಅದರಲ್ಲಿ ಸಣ್ಣ ಗೆರೆಯೊಂದು ಎಡದಿಂದ ಬಲಕ್ಕೆ ಜರುಗತೊಡಗಿತು, ಕೆಳಗೆ ಸೆಕೆಂಡುಗಳು ಎಣಿಸಿಕೊಂಡು ಹೋದವು. ಸದ್ದಿಲ್ಲ. ಏನೋ ನಡೆಯುತ್ತಿತ್ತು, ನನಗೆ ಕೇಳಿಸುತ್ತಿರಲಿಲ್ಲ ಅಷ್ಟೇ. ಮುಟ್ಟಲು ಧೈರ್ಯ ಬರಲಿಲ್ಲ. ಗೆರೆ ಕೊನೆ ಮುಟ್ಟಿತು, ಪ್ಲೇಯರ್ ಮುಚ್ಚಿತು, ಇನ್ನೂ ಸ್ವಲ್ಪ ಹೊತ್ತಿಗೆ ಕಂಪ್ಯೂಟರೇ ಆರಿಹೋಯಿತು. ಗೋಡೆ ಗಡಿಯಾರ ನೋಡಿದೆ. ನಾಲ್ಕಕ್ಕೆ ಇಪ್ಪತ್ತು ನಿಮಿಷ.

ಓಡಿ ಹೋಗಿ ಗುಂಡಿ ಒತ್ತಿದೆ. ಏನೂ ಆಗಲಿಲ್ಲ.

ಗಂಡನಿಗೆ ಹೇಳಿದಾಗ ಅವರು ನಗಲಿಲ್ಲ, ನಂಬಲೂ ಇಲ್ಲ. "ನಿದ್ದೆಗಣ್ಣಲ್ಲಿ ನೋಡಿರ್ತೀಯ" ಎಂದರು. ಗುರುವಾರ ಮೂರು ಗಂಟೆಗೇ ಇಬ್ಬರೂ ಒಳಕೋಣೆಯಲ್ಲಿ ಕೂತೆವು. ಅವರು ಪೇಪರ್ ಹಿಡಿದಿದ್ದರು, ಪುಟ ಮಗುಚುತ್ತಿರಲಿಲ್ಲ. ಹೊರಗೆ ರೈಲೊಂದು ಹೋಯಿತು. ಅದರ ಸದ್ದು ಅಡಗಿದ ಮೇಲೆ ಮನೆ ಹಿಂದೆಂದೂ ಇಲ್ಲದಷ್ಟು ಸುಮ್ಮನಾಯಿತು. ಸರಿಯಾಗಿ ಮೂರೂವರೆಗೆ ಆ ಉಸಿರು ಬಿಟ್ಟ ಸದ್ದು ಬಂತು.

ಅವರು ಎದ್ದು ನಿಂತರು. ಪರದೆ ಬೆಳಗಿತು. ಪ್ಲೇಯರ್ ತೆರೆಯಿತು.

"ಯಾರೋ ಇಂಟರ್ನೆಟ್ಟಲ್ಲಿ ಆಟ ಆಡ್ತಿದಾರೆ" ಎಂದರು. ದನಿ ಗಟ್ಟಿ ಇರಲಿಲ್ಲ.

"ಇದಕ್ಕೆ ಇಂಟರ್ನೆಟ್ ಎಲ್ಲಿ ಕೊಟ್ಟಿದೀವಿ ರೀ?"

ಗೆರೆ ಜರುಗುತ್ತಿತ್ತು. ನನಗೆ ಆಗ ಹೊಳೆಯಿತು. "ಸ್ಪೀಕರ್ ತನ್ನಿ. ಅಟ್ಟದ ಮೇಲಿದೆ. ಬೇಗ" ಎಂದೆ. ಅವರು ಸ್ಪೀಕರ್ ತರಲಿಲ್ಲ. ಎರಡೇ ಹೆಜ್ಜೆಗೆ ಗೋಡೆಯ ಹತ್ತಿರ ಹೋಗಿ ಪ್ಲಗ್ ಕಿತ್ತುಬಿಟ್ಟರು. ಪರದೆ ಕಪ್ಪಾಯಿತು.

"ಮನೇಲಿ ಇಟ್ಕೊಳೋದು ಬೇಡ. ಗುಜರಿಗೆ ಹಾಕೋಣ."

"ಅಪ್ಪ ಅಮ್ಮನ ಫೋಟೋ?"

ಅವರು ಕಂಪ್ಯೂಟರಿನ ಕ್ಯಾಬಿನೆಟ್ಟನ್ನು ಗೋಡೆಯ ಕಡೆಗೆ ತಿರುಗಿಸಿಟ್ಟರು, ಅದರ ಮುಖ ಕಾಣದ ಹಾಗೆ. ಹಾಗೆ ತಿರುಗಿಸಿದಾಗಲೇ ಹಿಂದೆ ಅಂಟಿಸಿದ್ದ ಚೀಟಿ ಕಣ್ಣಿಗೆ ಬಿದ್ದದ್ದು. ಶಿವಾಜಿನಗರದ ರಿಪೇರಿ ಅಂಗಡಿಯ ವಿಳಾಸ.

ಶುಕ್ರವಾರ ಬೆಳಿಗ್ಗೆ ಆಟೋದಲ್ಲಿ ಕ್ಯಾಬಿನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಹೊರಟೆ. ಮಂಡಿನೋವಿರುವ ಗಂಡನನ್ನು ಬೇಡವೆಂದು ಬಿಟ್ಟುಬಂದೆ. ಹಲಸೂರು ಕೆರೆ ದಾಟುವಾಗ ಆಟೋ ಗುಂಡಿಗಿಳಿದು ಎದ್ದಿತು. ಒಳಗೆ ಏನೋ ಸಣ್ಣಗೆ ಟಣ್ ಎಂದಿತು. ನನಗೆ ಗೊತ್ತಿಲ್ಲದೆಯೇ ಅದನ್ನು ಅವಚಿ ಹಿಡಿದಿದ್ದೆ.

ರಸೆಲ್ ಮಾರ್ಕೆಟ್ಟಿನ ಹಿಂದೆ, ಬುರ್ಖಾ ಬಟ್ಟೆಯ ಅಂಗಡಿಗಳ ಸಾಲಿನಲ್ಲಿ, ಒಬ್ಬರು ಕೂರುವಷ್ಟು ಅಗಲದ ಅಂಗಡಿ. ಬಿಳಿ ಗಡ್ಡದ ಮನುಷ್ಯರೊಬ್ಬರು ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡು ಬೆಸುಗೆ ಹಾಕುತ್ತಿದ್ದರು. ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದವರಂತೆ. ಗೋಡೆಯ ಮೇಲೆ ಇನ್ನೂ ನಾಲ್ಕು ರೇಡಿಯೋ ಇದ್ದವು.

"ಗುಂಡಿ ಒತ್ತಿದ್ರೆ ಏಳಲ್ಲ. ದಿನಾ ಮೂರೂವರೆಗೆ ತಾನಾಗೇ ಎದ್ದೇಳುತ್ತೆ" ಎಂದೆ. ಹುಚ್ಚಿ ಎಂದುಕೊಳ್ಳುತ್ತಾರೆಂದು ಅಳುಕಿತ್ತು.

ಅವರು ಎರಡು ಕನ್ನಡಕವನ್ನೂ ತೆಗೆದರು. ಕ್ಯಾಬಿನೆಟ್ಟನ್ನು ನೋಡಿದರು, ನನ್ನನ್ನು ನೋಡಿದರು. "ಹಲಸೂರ್ ಮೇಡಂದು ಇದು. ನೀವು ಅವರ ಯಾರು?"

"ತಂಗಿ."

"ಮೇಡಂ ಹೆಂಗಿದಾರೆ?"

ಹೇಳಿದೆ. ಅವರು ಕೈಯಲ್ಲಿದ್ದ ಬೆಸುಗೆ ಕಡ್ಡಿಯನ್ನು ಸ್ಟ್ಯಾಂಡಿನಲ್ಲಿಟ್ಟು ಸ್ವಲ್ಪ ಹೊತ್ತು ಏನೋ ಪಠಿಸಿದರು. ಆಮೇಲೆ ಮುಚ್ಚಳ ಬಿಚ್ಚಿದರು. ಮುಂದಿನ ಗುಂಡಿಯಿಂದ ಬರುವ ಎರಡು ಸಣ್ಣ ವೈರುಗಳು ಬೋರ್ಡಿಗೆ ಸೇರದೆ ಪಕ್ಕದಲ್ಲಿ ಮಡಚಿಕೊಂಡಿದ್ದವು. ತುದಿಗೆ ಕಪ್ಪು ಟೇಪನ್ನು ನೀಟಾಗಿ ಸುತ್ತಲಾಗಿತ್ತು.

"ಕೆಟ್ಟಿಲ್ಲ ಮೇಡಂ. ನಾನೇ ತೆಗ್ದಿದ್ದು. ಅವರೇ ತೆಗೀರಿ ಅಂದ್ರು."

"ಯಾಕೆ?"

"ಮಧ್ಯದಲ್ಲಿ ತಾವೇ ಆಫ್ ಮಾಡ್ಬಿಡ್ತಾರೆ ಅಂತ. ಅದರಲ್ಲಿ ಮಾತು ಬರುತ್ತಲ್ಲ, ಅದಕ್ಕೆ ಹೆದರ್ಕೊಂಡು ಆಫ್ ಮಾಡಿದ್ರಂತೆ ಎರಡು ಸಲ." ಅವರು ನನ್ನ ಮುಖ ನೋಡಿ ನಿಲ್ಲಿಸಿದರು. "ನಿಮಗೆ ಗೊತ್ತೇ ಇಲ್ವಾ?"

ಸ್ಟೂಲು ಸರಿಸಿ ಕೂರಿಸಿದರು. ನೀರು ಕೊಟ್ಟರು. ಆಮೇಲೆ ಒಂದೊಂದಾಗಿ ಹೇಳಿದರು. ಎರಡು ವರ್ಷದ ಹಿಂದೆ ಅಕ್ಕ ಒಂದೇ ವಾರದಲ್ಲಿ ಮೂರು ಸಲ ಅಂಗಡಿಗೆ ಬಂದಿದ್ದಳು. ಮೂರು ಸಲವೂ ಅದೇ ದೂರು, ಅದೇ ಮಾತು, ಮೊದಲನೇ ಸಲ ಬಂದ ಹಾಗೆ. ಮೂರನೇ ಸಲ ಇವರು ಮೆಲ್ಲಗೆ ಹೇಳಿದಾಗ ಅವಳು ಅತ್ತಿರಲಿಲ್ಲ. "ಗೊತ್ತು. ಮರೆತು ಹೋಗ್ತಿದೆ ನಂಗೆ. ಒಂದು ಉಪಾಯ ಮಾಡ್ಕೊಡಿ" ಎಂದಿದ್ದಳು. ಆ ಬೋರ್ಡಿನಲ್ಲೇ ಒಂದು ಅಲಾರಂ ಇರುತ್ತದಂತೆ. ಹೊತ್ತು ಗೊತ್ತು ಮಾಡಿಟ್ಟರೆ, ಗೋಡೆಯಿಂದ ಕರೆಂಟ್ ಬರುತ್ತಿದ್ದರೆ ಸಾಕು, ಆ ಹೊತ್ತಿಗೆ ಯಂತ್ರ ತಾನೇ ಏಳುತ್ತದೆ. ಎದ್ದ ಕೂಡಲೇ ಒಂದು ರೆಕಾರ್ಡಿಂಗ್ ಶುರುವಾಗುವ ಹಾಗೆ, ಮುಗಿದ ಮೇಲೆ ಆರುವ ಹಾಗೆ ಇವರು ಮಾಡಿಕೊಟ್ಟಿದ್ದರು.

"ರೆಕಾರ್ಡ್ ಇಲ್ಲೇ ಮಾಡಿದ್ರು, ಈ ಮೈಕಲ್ಲಿ. ನಾನು ಆಚೆ ಹೋಗಿ ನಿಂತ್ಕೊಂಡೆ. ನಮಾಜ್ ಟೈಮು, ಗಲ್ಲಿ ಸೈಲೆಂಟ್ ಇತ್ತು. ಆಮೇಲೆ ನಾಲ್ಕು ಸಲ ಬದಲಾಯಿಸಿದ್ರು. ಕೊನೇ ಸಲ ಕೆಳಗಿನ ಓನರಮ್ಮನ ಕೈಲಿ ಆಟೋ ಹತ್ತಿಸ್ಕೊಂಡು ಬಂದಿದ್ರು."

"ನಂಗ್ಯಾಕೆ ಒಂದು ಮಾತು ಹೇಳ್ಲಿಲ್ಲ ನೀವು?"

"ನಿಮ್ ನಂಬರ್ ಕೇಳ್ದೆ ಮೇಡಂ, ಕೊಡ್ಲಿಲ್ಲ. ಯಾರಿಗೂ ಹೇಳ್ಬಾರ್ದು ಅಂತ ಕಸಮ್ ಹಾಕ್ಸಿದ್ರು. ನಾನೂ ವಯಸ್ಸಾದವನು. ಅವರ ಮಾನ ಅವರಿಗೆ ಇರ್ಲಿ ಅಂದ್ಕೊಂಡೆ. ತಪ್ಪಾಯ್ತೇನೋ, ಗೊತ್ತಿಲ್ಲ."

ಟೇಪು ಬಿಚ್ಚಿ ವೈರುಗಳನ್ನು ಅವುಗಳ ಜಾಗಕ್ಕೆ ಸೇರಿಸಿದರು. ಗುಂಡಿ ಒತ್ತಿದರು. ಯಂತ್ರ ಕೂಡಲೇ ಎದ್ದಿತು. ಫೋಟೋಗಳೆಲ್ಲ ಇದ್ದವು. ಅವರು ಅವನ್ನು ಒಂದು ಪೆನ್‌ಡ್ರೈವಿಗೆ ಹಾಕಿಕೊಟ್ಟರು. ರೆಕಾರ್ಡಿಂಗನ್ನು ಮಾತ್ರ ಅಂಗಡಿಯಲ್ಲಿ ಹಾಕಲು ಒಪ್ಪಲಿಲ್ಲ. "ಮನೇಲಿ ಕೇಳಿ. ಒಬ್ರೇ ಕೂತ್ಕೊಂಡು ಕೇಳ್ಬೇಡಿ" ಎಂದರು.

ಮನೆಗೆ ಬಂದಾಗ ಎರಡೂ ಮುಕ್ಕಾಲು. ಗುಂಡಿ ಈಗ ಕೆಲಸ ಮಾಡುತ್ತಿತ್ತು, ಆ ಕ್ಷಣವೇ ಕೇಳಬಹುದಿತ್ತು. ಏಕೋ ಆಗಲಿಲ್ಲ. ಗಂಡ ಅಟ್ಟ ಹತ್ತಿ ಸ್ಪೀಕರ್ ಇಳಿಸಿ, ಬಟ್ಟೆಯಲ್ಲಿ ಒರೆಸಿ, ಜೋಡಿಸಿದರು. ಇಬ್ಬರೂ ಕೂತು ಕಾದೆವು. ಮೂರೂವರೆಗೆ ಅದು ಎದ್ದಿತು.

"ಗಾಬರಿ ಆಗ್ಬೇಡ" ಎಂದಿತು ಅಕ್ಕನ ದನಿ.

ಕೋಣೆಯ ತುಂಬ ಅವಳ ದನಿ. ಹಿಂದೆ ದೂರದಲ್ಲಿ ಶಿವಾಜಿನಗರದ ಯಾವುದೋ ಹಾರ್ನ್.

"ಇದು ನಿನ್ನದೇ ದನಿ. ಈಗ ಮಧ್ಯಾಹ್ನ ಮೂರೂವರೆ. ಬೆಳಿಗ್ಗೆ ಅಲ್ಲ. ನೀನು ಮಲಗಿ ಎದ್ದಿದೀಯ. ನೀನಿರೋದು ಹಲಸೂರಿನ ಬಾಡಿಗೆ ಮನೇಲಿ. ಕೆಳಗೆ ಓನರಮ್ಮ ಇದಾರೆ. ಎದ್ದು ಹೋಗಿ ಗ್ಯಾಸ್ ಆಫ್ ಆಗಿದೆಯಾ ನೋಡು. ನಾನು ಕಾಯ್ತೀನಿ."

ದನಿ ನಿಂತಿತು. ಅವಳು ಉಸಿರಾಡುವುದು ಕೇಳಿಸುತ್ತಿತ್ತು. ನಿಜವಾಗಿಯೂ ಕಾಯುತ್ತಿದ್ದಳು. ಒಂದು ನಿಮಿಷಕ್ಕೂ ಹೆಚ್ಚು ಹೊತ್ತು. ನನ್ನ ಗಂಡ ಮೆಲ್ಲನೆ ಎದ್ದು ಅಡುಗೆಮನೆಗೆ ಹೋದರು, ನಮ್ಮ ಗ್ಯಾಸ್ ನೋಡಿಕೊಂಡು ಬಂದು ಕೂತರು.

"ನೋಡಿದ್ಯಾ? ಸರಿ. ಅಮ್ಮ ಇಲ್ಲ. ಹೋಗಿ ತುಂಬಾ ವರ್ಷ ಆಯ್ತು. ಮನೆಯೆಲ್ಲಾ ಹುಡುಕ್ಬೇಡ. ಬಾಗಿಲು ತೆಗೀಬೇಡ. ತಂಗೀನ ಸ್ಕೂಲಿಂದ ಕರ್ಕೊಂಡು ಬರೋದಕ್ಕೆ ಹೊರಡ್ಬೇಡ. ಅವಳು ಅಲ್ಲಿಲ್ಲ. ಅವಳು ದೊಡ್ಡವಳಾದ್ಲು. ಗೇಟ್ ಹತ್ರ ನಿಂತ್ರೆ ವಾಚ್‌ಮನ್ ಬೈತಾನೆ, ನೆನಪಿದೆಯಾ?"

ಅಮ್ಮ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಬರುವುದು ಕತ್ತಲಾದ ಮೇಲೆ. ಏಳನೇ ಕ್ಲಾಸಿನವರೆಗೆ ನನ್ನನ್ನು ಶಾಲೆಯಿಂದ ಕರೆತರುತ್ತಿದ್ದವಳು ಅಕ್ಕ. ಟೈಪಿಂಗ್ ಕ್ಲಾಸಿನಿಂದ ನೇರ ಗೇಟಿಗೆ ಬಂದು ನಿಲ್ಲುತ್ತಿದ್ದಳು. ಶಾಲೆ ಬಿಡುತ್ತಿದ್ದದ್ದು ಮೂರೂಮುಕ್ಕಾಲಿಗೆ.

"ಭಾನುವಾರ ಒಬ್ಬ ಹೆಂಗಸು ಬರ್ತಾಳೆ. ಕೂದಲು ಬೆಳ್ಳಗಾಗಿದೆ, ಕನ್ನಡಕ ಹಾಕ್ಕೊಂಡಿರ್ತಾಳೆ. ತಂಗಿ ಅಂದ್ನಲ್ಲ, ಅವಳೇ ಇವಳು. ನಂಬೋದು ಕಷ್ಟ, ಆದ್ರೂ ನಂಬು. ಹೆದರ್ಕೋಬೇಡ. ಯಾರು ನೀವು ಅಂತ ಕೇಳ್ಬೇಡ. ಅವಳೇ ಜಾಸ್ತಿ ಮಾತಾಡ್ತಾಳೆ, ನೀನು ಹೂಂ ಅಂತಿರು. ಮೂರು ಗಂಟೆಗೆ ಕಳಿಸಿಬಿಡು. ಅವಳಿಗೆ ಏನೂ ಹೇಳ್ಬೇಡ. ಆಯ್ತಾ? ಆಯ್ತು ಅನ್ನು."

ಮತ್ತೆ ಸ್ವಲ್ಪ ಹೊತ್ತು ಬಿಡುವು. ಓನರಮ್ಮ ಕೆಳಗಿನಿಂದ ಕೇಳಿದ ಇನ್ನೊಂದು ದನಿ ಇಲ್ಲಿರುತ್ತಿತ್ತು. ಅಕ್ಕ ಮೇಲೆ ಒಬ್ಬಳೇ ನಿಂತು "ಆಯ್ತು" ಎನ್ನುತ್ತಿದ್ದಳು.

ಯಂತ್ರ ಆರಿಹೋಯಿತು. ನಾವಿಬ್ಬರೂ ಏಳಲಿಲ್ಲ.

ಆ ಎರಡು ವರ್ಷದ ಭಾನುವಾರಗಳು ಒಂದಾದ ಮೇಲೊಂದು ತಲೆಗೆ ಬಂದವು. ಬಾಗಿಲು ತೆರೆದಾಗ ಅವಳು ಮೊದಲು ನನ್ನ ಕೂದಲು ನೋಡುತ್ತಿದ್ದಳು. ಬಣ್ಣ ಹಚ್ಚಿಲ್ಲವೆಂದು ಆಡಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಮೂರು ಗಂಟೆಯಾದರೆ ಸಾಕು, "ಹೊರಡು, ಬಸ್ ರಶ್ ಆಗುತ್ತೆ" ಎಂದು ಎಬ್ಬಿಸಿಬಿಡುತ್ತಿದ್ದಳು. ನನಗೆ ಅದು ಎಷ್ಟು ನೋವಾಗಿತ್ತೆಂದರೆ ಕೊನೆಯ ಎರಡು ತಿಂಗಳು ವಾರ ಬಿಟ್ಟು ವಾರ ಹೋದೆ. ಒಂದು ಹಬ್ಬಕ್ಕೆ ನಾನು ಹೇರ್ ಡೈ ಹಚ್ಚಿಕೊಂಡು ಹೋಗಿದ್ದೆ. ಅಂದು ಅವಳು ಸರಪಳಿ ಹಾಕಿದ ಬಾಗಿಲ ಸಂದಿನಿಂದ ಬಹಳ ಹೊತ್ತು ನನ್ನನ್ನು ನೋಡಿ, "ಮೇಡಂ ಇಲ್ಲ, ಆಚೆ ಹೋಗಿದಾರೆ" ಎಂದಿದ್ದಳು. ತಮಾಷೆ ಎಂದು ನಾನು ಗಟ್ಟಿಯಾಗಿ ನಕ್ಕಿದ್ದೆ. ನನ್ನ ನಗು ಕೇಳಿದ ಮೇಲೆ ಅವಳು ಸರಪಳಿ ತೆಗೆದಿದ್ದಳು.

ಹಳೆಯ ರೆಕಾರ್ಡಿಂಗುಗಳೂ ಅದರಲ್ಲೇ ಇದ್ದವು. ಅವನ್ನು ಕೇಳಲು ನನಗೆ ಇನ್ನೂ ಹದಿನೈದು ದಿನ ಬೇಕಾಯಿತು. ಮೊದಲನೆಯದರಲ್ಲಿ ನನ್ನ ಹೆಸರನ್ನೇ ಹೇಳಿದ್ದಳು, ಭಾನುವಾರಕ್ಕೆ ಅವರೆಕಾಳು ಸುಲಿದಿಡು ಎಂದು ತನಗೇ ಹೇಳಿಕೊಂಡಿದ್ದಳು, ನಡುವೆ ನಕ್ಕಿದ್ದಳು ಕೂಡ. ಎರಡನೆಯದರಲ್ಲಿ ನಗು ಇರಲಿಲ್ಲ. ಮೂರನೆಯದರಲ್ಲಿ ನನ್ನ ಹೆಸರು ಇರಲಿಲ್ಲ, ತಂಗಿ ಎಂದಷ್ಟೇ ಇತ್ತು.

ಒಂದು ಶನಿವಾರ ಹಲಸೂರಿಗೆ ಹೋಗಿ ಓನರಮ್ಮನಿಗೆ ಎಲ್ಲ ಹೇಳಿದೆ. ಅಂದು ಕೈ ಬಿಡಿಸಿಕೊಂಡು ಹೋದದ್ದಕ್ಕೆ ಕ್ಷಮೆ ಕೇಳಿದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಹಾಗಾದ್ರೆ ಪೇಯಿ ಅಲ್ಲ, ದೆವ್ವ ಅಲ್ಲ" ಎಂದರು. ಐದು ತಿಂಗಳಿಂದ ಆಕೆ ಮೇಲಿನ ಮನೆಯನ್ನು ಯಾರಿಗೂ ಬಾಡಿಗೆಗೆ ಕೊಟ್ಟಿರಲಿಲ್ಲ. ದೆವ್ವದ ಭಯಕ್ಕೆ ಮೆಟ್ಟಿಲಿನ ದೀಪ ಹಗಲೂ ಉರಿಯುತ್ತಿತ್ತು.

ಅಲಾರಂ ತೆಗೆಸಬೇಕೆಂದು ಒಂದು ತಿಂಗಳು ಅಂದುಕೊಳ್ಳುತ್ತಲೇ ಕಳೆದೆ. ಅಷ್ಟೂ ದಿನ ಮೂರೂವರೆಗೆ ಎಲ್ಲಿದ್ದರೂ ಆ ಕೋಣೆಗೆ ಹೋಗಿ ಕೂರುತ್ತಿದ್ದೆ. "ನೋಡಿದ್ಯಾ?" ಎಂದು ಅವಳು ಕೇಳಿದಾಗ ಒಂದು ದಿನ ನನ್ನ ಬಾಯಿಂದ "ಹೂಂ, ನೋಡ್ದೆ" ಎಂದು ಬಂದುಬಿಟ್ಟಿತು. ತಿರುಗಿ ನೋಡಿದರೆ ಗಂಡ ಬಾಗಿಲಲ್ಲಿ ನಿಂತಿದ್ದರು. ಮರುದಿನವೇ ಅವರು ಶಿವಾಜಿನಗರಕ್ಕೆ ಫೋನ್ ಮಾಡಿದರು. ಗಡ್ಡದವರು ಹೇಳಿಕೊಟ್ಟ ಹಾಗೆ ಒಂದೊಂದೇ ಕೀಲಿ ಒತ್ತಿ ಅಲಾರಂ ತೆಗೆದರು. ನಾನು ತಡೆಯಲಿಲ್ಲ.

ಅಂದು ಸಂಜೆ ಕಾಫಿ ಕುಡಿಯುವಾಗ ಅವರು ಲೋಟದ ಕಡೆ ನೋಡುತ್ತ ಕೇಳಿದರು. "ನಿಂಗೂ ಹಾಗೆ ಶುರುವಾದ್ರೆ ನನ್ನ ಹತ್ರ ಹೇಳ್ತೀಯಲ್ಲಾ?"

"ಹೇಳ್ದೆ ಇರ್ತೀನಾ?" ಎಂದೆ.

"ನಿಮ್ಮಕ್ಕನೂ ಹೇಳ್ತಾರೆ ಅಂದ್ಕೊಂಡಿದ್ದೆ ನಾನು" ಎಂದು ಎದ್ದು, ಇಬ್ಬರ ಲೋಟವನ್ನೂ ತೊಳೆಯಲು ಒಳಗೆ ತೆಗೆದುಕೊಂಡು ಹೋದರು. ಮುಂದಿನ ವಾರ ಇಬ್ಬರೂ ಒಟ್ಟಿಗೆ ಡಾಕ್ಟರ ಹತ್ತಿರ ಹೋಗಿ ತೋರಿಸಿಕೊಂಡು ಬಂದೆವು. ಸದ್ಯಕ್ಕೆ ಏನೂ ಇಲ್ಲ ಎಂದರು. ಆರು ತಿಂಗಳಿಗೊಮ್ಮೆ ಬನ್ನಿ ಎಂದಿದ್ದಾರೆ.